ರೇಡಿಯೇಟರಿಗೆ ಯಾವ ನೀರು ಹಾಕುತ್ತೀರಿ?

ಏಪ್ರಿಲ್, ಮೇ ಬಂತೆಂದರೆ ಶಿರಾಡಿ ಘಾಟಿ ಹತ್ತಿದ ಹಳೆಯ ಕಾರುಗಳು ಬಾನೆಟ್ಟಿನ ಸಂದಿಯಿಂದ ಹಬೆ ಬಿಡುತ್ತ ಸಕಲೇಶಪುರದ ನಮ್ಮ ಗ್ಯಾರೇಜಿಗೆ ಬರುತ್ತವೆ. ಇಳಿದವರೆಲ್ಲ ಹೇಳುವ ಮಾತು ಒಂದೇ: ‘ಏರು ಜಾಸ್ತಿ ನೋಡಿ, ಗಾಡಿ ಹೀಟ್ ಆಗೋಯ್ತು.’ ನಾನು ಇದನ್ನು ಒಪ್ಪುವುದಿಲ್ಲ. ಅಷ್ಟೇ ವಯಸ್ಸಾದ ಇನ್ನೊಂದು ಮಾರುತಿ 800 ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅದೇ ಏರನ್ನು ಹತ್ತಿ ಹಾಸನದ ಕಡೆ ಹೋಗಿರುತ್ತದೆ. ಘಾಟಿಯಲ್ಲಿ ಕುದಿಯುವ ಎಂಜಿನ್ ಕೆಡಲು ಶುರುವಾಗಿದ್ದು ಮನೆಯ ಅಂಗಳದಲ್ಲಿ, ಚೊಂಬಿನಲ್ಲಿ ನೀರು ತಂದು ಸುರಿದ ದಿನ.

ಹಾಕಿದ ಪೆಟ್ರೋಲಿನ ಶಕ್ತಿಯಲ್ಲಿ ಮೂರರಲ್ಲಿ ಒಂದು ಪಾಲೂ ಚಕ್ರದವರೆಗೆ ತಲುಪುವುದಿಲ್ಲ. ಒಂದು ದೊಡ್ಡ ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನಲ್ಲಿ ಹೋಗುತ್ತದೆ, ಇನ್ನೊಂದು ಪಾಲನ್ನು ಎಂಜಿನ್ನಿನೊಳಗೆ ಸುತ್ತುವ ನೀರು ರೇಡಿಯೇಟರಿಗೆ ಹೊತ್ತು ತರಬೇಕು. ಏರಿನಲ್ಲಿ ಸೆಕೆಂಡ್ ಗೇರಿನಲ್ಲಿ ಎಳೆಯುವಾಗ ಬಿಸಿ ಹೆಚ್ಚು, ವೇಗ ಕಡಿಮೆ, ಮುಂದಿನಿಂದ ಬರುವ ಗಾಳಿಯೂ ಕಡಿಮೆ. ಊರೊಳಗೆ ಕಾಣದ ಕೊರತೆಗಳೆಲ್ಲ ಅಲ್ಲಿ ಒಟ್ಟಿಗೆ ಹೊರಬೀಳುತ್ತವೆ.

ನಿವೃತ್ತ ಮೇಷ್ಟ್ರೊಬ್ಬರು ಹೀಗೇ ಬಂದಿದ್ದರು. ‘ಯಾವ ನೀರು ಹಾಕ್ತೀರ ಸಾರ್?’ ಅಂತ ಕೇಳಿದೆ. ‘ನಮ್ಮ ಬೋರ್‌ವೆಲ್‌ದೇ ಕಣಪ್ಪ. ಕುಡಿಯೋಕೂ ಅದೇ, ಏನೂ ತೊಂದರೆ ಇಲ್ಲ’ ಅಂದರು. ಕುಡಿಯಲು ಒಳ್ಳೆಯದಿರಬಹುದು, ರೇಡಿಯೇಟರಿಗೆ ಅಲ್ಲ. ಕೆಳಗಿನ ಹೋಸ್ ಬಿಚ್ಚಿದಾಗ ಇಟ್ಟಿಗೆ ಬಣ್ಣದ ನೀರು ಬಂತು. ರೇಡಿಯೇಟರ್ ಬಿಚ್ಚಿಸಿ ನೋಡಿದರೆ ಅರ್ಧದಷ್ಟು ಕೊಳವೆಗಳು ಬಿಳಿ ಕಿಟ್ಟ ಕಟ್ಟಿ ಮುಚ್ಚಿಹೋಗಿದ್ದವು. ಗಡಸು ನೀರು ಕಾದಾಗ ಅದರೊಳಗಿನ ಸುಣ್ಣದ ಅಂಶ ಲೋಹಕ್ಕೆ ಅಂಟುತ್ತದೆ, ಆ ಪದರ ಬಿಸಿಯನ್ನು ದಾಟಲು ಬಿಡುವುದಿಲ್ಲ. ಜೊತೆಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಪುಡಿಯಾಗಿ ಅದೇ ಕೊಳವೆಗಳಿಗೆ ಬಂದು ಕೂರುತ್ತದೆ.

ಕೂಲೆಂಟ್ ಹಾಕಿ ಎಂದರೆ, ‘ನಮ್ಮಲ್ಲೇನು ಹಿಮ ಬೀಳುತ್ತಾ?’ ಎನ್ನುತ್ತಾರೆ. ಹಿಮದ ದೇಶದಲ್ಲಿ ಅದು ನೀರು ಹೆಪ್ಪುಗಟ್ಟದಂತೆ ಕಾಯುತ್ತದೆ, ನಿಜ. ನಮಗೆ ಬೇಕಾದ ಗುಣ ಬೇರೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ 197 ಡಿಗ್ರಿಯವರೆಗೆ ಕುದಿಯುವುದಿಲ್ಲ, ಹಾಗಾಗಿ ಬೆರೆಸಿದ ನೀರೂ ತಡವಾಗಿ ಕುದಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ತುಕ್ಕು ತಡೆಯುವ ರಾಸಾಯನಿಕ. ಇದು ಓಡುತ್ತ ಓಡುತ್ತ ಕ್ಷೀಣಿಸುವುದರಿಂದ ಹಳೆಯ ಗಾಡಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಇಳಿಸಿ, ತೊಳೆದು, ಹೊಸದು ತುಂಬಬೇಕು. ಡಬ್ಬಿಯಲ್ಲಿರುವುದು ಗಟ್ಟಿ ಕೂಲೆಂಟೋ, ನೀರು ಬೆರೆಸಿಯೇ ಮಾರುವುದೋ ಎಂದು ಓದಿಕೊಳ್ಳಿ. ಗಟ್ಟಿಯದಾದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ. ‘ಪೂರ್ತಿ ಕೂಲೆಂಟೇ ಹಾಕಿಬಿಡಿ’ ಎನ್ನುವವರೂ ಇದ್ದಾರೆ, ಅದು ತಪ್ಪು. ಬಿಸಿ ಹೊರುವುದರಲ್ಲಿ ನೀರಿಗೆ ಸಮ ಇಲ್ಲ. ಬಣ್ಣ ನೋಡಿ ಬೇರೆ ಬೇರೆ ಕೂಲೆಂಟುಗಳನ್ನು ಬೆರೆಸುವುದೂ ಬೇಡ, ಬಣ್ಣ ಕಂಪನಿಗಳು ತಮ್ಮಿಷ್ಟಕ್ಕೆ ಹಾಕುವಂಥದ್ದು.

ಇನ್ನು ಮುಚ್ಚಳ. ನಮ್ಮ ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ಒಲೆಯ ಮೇಲಿಟ್ಟ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9 ಎಂದು ಅಚ್ಚಾಗಿರುವ ರೇಡಿಯೇಟರ್ ಮುಚ್ಚಳ ಕುಕ್ಕರಿನ ಹಾಗೆ ಒಳಗಿನ ಒತ್ತಡ ಹಿಡಿದಿಟ್ಟು ಅದೇ ನೀರನ್ನು 115 ಡಿಗ್ರಿ ದಾಟುವವರೆಗೂ ಕುದಿಯಲು ಬಿಡುವುದಿಲ್ಲ. ರಬ್ಬರ್ ಒಣಗಿ ಬಿರಿದಿದ್ದರೆ ಆ ರಕ್ಷಣೆಯೆಲ್ಲ ಹೋಯಿತು. ಸಾವಿರಾರು ರೂಪಾಯಿ ಕೊಟ್ಟು ಹೊಸ ರೇಡಿಯೇಟರ್ ಹಾಕಿಸಿದವರೂ ಹಳೆಯ ಮುಚ್ಚಳವನ್ನೇ ತಿರುಗಿಸಿ ಕೂರಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಕಸುಬಿನವರ ಮೇಲೂ ನನಗೊಂದು ಸಿಟ್ಟಿದೆ. ಗಾಡಿ ಹೀಟ್ ಆಗುತ್ತದೆ ಎಂದ ಕೂಡಲೇ ಥರ್ಮೋಸ್ಟಾಟ್ ಕಿತ್ತು ಬಿಸಾಡುವವರು ಬಹಳ. ಅದರೊಳಗಿನ ಮೇಣ ಸುಮಾರು 82 ಡಿಗ್ರಿಗೆ ಕರಗಿ ಹಿಗ್ಗಿ ದಾರಿ ತೆರೆಯುತ್ತದೆ, ಅಲ್ಲಿಯವರೆಗೆ ನೀರನ್ನು ಎಂಜಿನ್ನಿನೊಳಗೇ ತಿರುಗಿಸಿ ಬೇಗ ಬಿಸಿ ಮಾಡುತ್ತದೆ. ಕಿತ್ತರೆ ಮಲೆನಾಡಿನ ಮಳೆ ಚಳಿಯಲ್ಲಿ ಎಂಜಿನ್ ಹದಕ್ಕೆ ಬರುವುದೇ ಇಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಪಿಸ್ಟನ್ ರಿಂಗುಗಳು ಬೇಗ ಸವೆಯುತ್ತವೆ. ಅನುಮಾನವಿದ್ದರೆ ಅದನ್ನು ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ನೋಡಿ. ತೆರೆಯದಿದ್ದರೆ ಹೊಸದು ಹಾಕಿ.

ಉಳಿದದ್ದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಎಂಜಿನ್ ತಣ್ಣಗಿರುವಾಗ ಹೋಸುಗಳನ್ನು ಹಿಸುಕಿ. ಮೆತ್ತಗೆ ಉಬ್ಬಿದ್ದರೂ, ಕಟಕಟ ಎಂದರೂ ಬದಲಿಸುವ ಕಾಲ ಬಂದಿದೆ. ಮಾರುತಿ 800ರಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಆಲ್ಟರ್ನೇಟರಿನ ಬೆಲ್ಟೇ, ಅದು ಸಡಿಲವಾದರೆ ನೀರಿನ ಓಟವೂ ಕುಂಟುತ್ತದೆ. ಗಾಡಿಯನ್ನು ನಿಂತಲ್ಲೇ ಚಾಲೂ ಇಟ್ಟು ಫ್ಯಾನ್ ತಾನಾಗಿ ತಿರುಗುತ್ತದೆಯೇ ನೋಡಿ. ರೇಡಿಯೇಟರಿನ ಜಾಲರಿಯಲ್ಲಿ ಮಣ್ಣು, ಹುಳು, ತರಗು ಸಿಕ್ಕಿಕೊಂಡಿದ್ದರೆ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ಸರ್ವೀಸ್ ಸ್ಟೇಷನ್ನಿನ ಜೋರು ಪೈಪು ಹಿಡಿದರೆ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಇಷ್ಟಾಗಿಯೂ ದಾರಿಯಲ್ಲಿ ಮುಳ್ಳು ಮೇಲೇರಿದರೆ ಎ.ಸಿ. ನಿಲ್ಲಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಿ. ಸೆಕೆಯಾದರೂ ಎಂಜಿನ್ನಿನ ಬಿಸಿ ಒಂದಿಷ್ಟು ಅದರಿಂದ ಹೊರಬರುತ್ತದೆ. ಆಮೇಲೆ ಜಾಗ ನೋಡಿ ನಿಲ್ಲಿಸಿ. ಮೇಲೇರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಸಮಾಧಾನಪಡಬೇಡಿ. ನೀರೆಲ್ಲ ಸೋರಿಹೋಗಿ ಸೆನ್ಸರಿಗೆ ಏನೂ ತಾಗದಿದ್ದಾಗಲೂ ಅದು ಇಳಿಯುತ್ತದೆ. ಹಾಗೇ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಎಂಜಿನ್ ಆಯಿಲ್ ನೀರು ಬೆರೆತು ಹಾಲು ಬಿದ್ದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ.

ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಒತ್ತಡ ಬಿಟ್ಟ ಕ್ಷಣ ಒಳಗಿನ ನೀರು ಹಬೆಯಾಗಿ ಮುಖಕ್ಕೆ ಹಾರುತ್ತದೆ. ಮೇಲಿನ ಹೋಸನ್ನು ಬರಿಗೈಯಲ್ಲಿ ನೆಮ್ಮದಿಯಾಗಿ ಹಿಡಿಯುವಷ್ಟು ತಣಿಯುವವರೆಗೆ ಕಾಯಿರಿ, ಅರ್ಧ ಗಂಟೆಗಿಂತ ಹೆಚ್ಚೇ ಬೇಕಾಗುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ತುಂಬಿ. ಅಂಥ ಹೊತ್ತಿನಲ್ಲಿ ಹಳ್ಳದ ನೀರಾದರೂ ಸರಿ, ಊರು ಸೇರಿದ ಮೇಲೆ ಅದನ್ನೆಲ್ಲ ಇಳಿಸಿಬಿಡಿ. ಇಳಿಸಿದ ಕೂಲೆಂಟನ್ನು ಮಾತ್ರ ಚರಂಡಿಗೋ ಅಂಗಳಕ್ಕೋ ಚೆಲ್ಲಬೇಡಿ. ಅದು ಸಿಹಿಯಾಗಿರುವ ವಿಷ, ನಾಯಿ ಬೆಕ್ಕುಗಳು ನೆಕ್ಕುತ್ತವೆ. ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು ಗ್ಯಾರೇಜಿಗೆ ತಂದುಕೊಡಿ.