ಮೇಳದ ಯಜಮಾನ ಚಾಸ್ ಚಾಂಡ್ಲರ್

ಹಾಡುವವನನ್ನು ಊರೆಲ್ಲ ಬಲ್ಲುದು. ಅವನನ್ನು ಹುಡುಕಿ ತಂದು, ಅನ್ನವಸ್ತ್ರಗಳ ಏರ್ಪಾಡು ಮಾಡಿ, ಸಭೆಯ ಮುಂದೆ ನಿಲ್ಲಿಸಿದವನನ್ನು ಬಲ್ಲವರು ವಿರಳ. ನಮ್ಮ ಯಕ್ಷಗಾನ ಮೇಳಗಳಿಗೆ ಯಜಮಾನರಿರುವಂತೆ ಪಾಶ್ಚಾತ್ಯರ ರಾಕ್ ಸಂಗೀತದ ಮೇಳಗಳಿಗೂ ವ್ಯವಸ್ಥಾಪಕರಿರುತ್ತಾರೆ. ಅವರಲ್ಲಿ ಕೆಲವರು ಧ್ವನಿಮುದ್ರಣದ ನಿರ್ಮಾಪಕರ ಹೊಣೆಯನ್ನೂ ತಾವೇ ಹೊರುವುದುಂಟು. ಅಂತಹವರಲ್ಲಿ ಪ್ರಸಿದ್ಧನಾದ ಚಾಸ್ ಚಾಂಡ್ಲರನ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಈತನು 1938ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಜನಿಸಿದನು. ತಾರುಣ್ಯದಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ದುಡಿದು, ಬಳಿಕ ‘ಆನಿಮಲ್ಸ್’ ಎಂಬ ಮೇಳವನ್ನು ಸೇರಿ ಬೇಸ್ ಗಿಟಾರು ನುಡಿಸತೊಡಗಿದನು. 1964ರಲ್ಲಿ ಆ ಮೇಳದ ‘ದ ಹೌಸ್ ಆಫ್ ದ ರೈಸಿಂಗ್ ಸನ್’ ಎಂಬ ಗೀತವು ಇಂಗ್ಲೆಂಡು, ಅಮೆರಿಕಾಗಳೆರಡರಲ್ಲಿಯೂ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಕೀರ್ತಿಯೇನೋ ಬಂದಿತು, ಹಣವು ಬರಲಿಲ್ಲ. ಮೂರು ವರ್ಷಗಳ ಕಾಲ ವರ್ಷಕ್ಕೆ 300 ಕಛೇರಿಗಳನ್ನು ನಡೆಸಿಯೂ ಕೈಗೆ ಕಾಸು ಹತ್ತಲಿಲ್ಲವೆಂದು ಆತನೇ ಮುಂದೆ ಹೇಳಿಕೊಂಡಿರುವನು. ಆದುದರಿಂದ ವಾದನವನ್ನು ಬಿಟ್ಟು, ಇತರರನ್ನು ಮುಂದಕ್ಕೆ ತರುವ ಉದ್ಯೋಗವನ್ನು ಹಿಡಿಯಲೆಣಿಸಿದನು.

1966ರಲ್ಲಿ ನ್ಯೂಯಾರ್ಕಿನ ಒಂದು ಕಾಫಿ ಹೋಟೆಲಿನಲ್ಲಿ ಜಿಮಿ ಹೆಂಡ್ರಿಕ್ಸನೆಂಬ ತರುಣನ ಗಿಟಾರು ಅವನ ಕಿವಿಗೆ ಬಿದ್ದಿತು. ಹೆಂಡ್ರಿಕ್ಸನು ಕೆಲವು ವರ್ಷಗಳಿಂದ ಪರರ ಹಿಮ್ಮೇಳದಲ್ಲಿ ದುಡಿದಿದ್ದರೂ ಸ್ವದೇಶದಲ್ಲಿ ಅವನನ್ನು ವಿಚಾರಿಸುವವರಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಷ್ಟೆ! ಚಾಂಡ್ಲರನು ಅದೇ ಸೆಪ್ಟೆಂಬರಿನಲ್ಲಿ ಅವನನ್ನು ಲಂಡನ್ನಿಗೆ ಕರೆತಂದು, ನೋಯೆಲ್ ರೆಡ್ಡಿಂಗ್, ಮಿಚ್ ಮಿಚೆಲ್ ಎಂಬಿಬ್ಬರನ್ನು ಜೊತೆಗೂಡಿಸಿ ಮೇಳ ಕಟ್ಟಿದನು. ಖರ್ಚಿಗೆ ಹಣ ಸಾಲದೆ ಹೋದಾಗ ತನ್ನ ಗಿಟಾರುಗಳನ್ನೇ ಮಾರಿದನು! ಸ್ವಂತ ಗೀತಗಳನ್ನು ರಚಿಸುವಂತೆ ಹೆಂಡ್ರಿಕ್ಸನನ್ನು ಹುರಿದುಂಬಿಸಿದನು. ಧ್ವನಿಮುದ್ರಣದ ವೇಳೆಯನ್ನು ಗೃಹಿಣಿಯು ಎಣ್ಣೆಯನ್ನು ಬಳಸುವಂತೆ ಹಿತವಾಗಿ ಬಳಸಿದನು. ‘ದ ವಿಂಡ್ ಕ್ರೈಸ್ ಮೇರಿ’ ಎಂಬ ಗೀತವು ಒಂದು ದಿನದ ಕೆಲಸ ಮುಗಿದು ಉಳಿದ ಸುಮಾರು 20 ನಿಮಿಷಗಳಲ್ಲಿ ಸಿದ್ಧವಾಯಿತು. 1967ರಲ್ಲಿ ಹೊರಬಂದ ‘ಆರ್ ಯು ಎಕ್ಸ್‌ಪೀರಿಯನ್ಸ್ಡ್’, ‘ಆಕ್ಸಿಸ್: ಬೋಲ್ಡ್ ಆ್ಯಸ್ ಲವ್’ ಎಂಬ ಎರಡು ಗ್ರಾಮಫೋನ್ ತಟ್ಟೆಗಳಿಗೂ ಆತನೇ ನಿರ್ಮಾಪಕನು.

ಆದರೆ ಕೀರ್ತಿ ಬೆಳೆದಂತೆ ಪರಿವಾರವೂ ಬೆಳೆಯಿತು. 1968ರಲ್ಲಿ ಮೂರನೆಯ ತಟ್ಟೆಯ ಕೆಲಸ ನಡೆಯುತ್ತಿರುವಾಗ ಧ್ವನಿಮುದ್ರಣ ಮಂದಿರವು ಸಂತೆಯಾಯಿತು. ಒಂದೇ ಗೀತವನ್ನು ಹತ್ತಾರು ಸಲ ನುಡಿಸಿದರೂ ಹೆಂಡ್ರಿಕ್ಸನಿಗೆ ತೃಪ್ತಿಯಿಲ್ಲದಾಯಿತು. ತನ್ನ ಮಾತು ನಡೆಯದ ಕಡೆ ಹೆಸರಿಗೆ ಯಜಮಾನನಾಗಿರಲೊಲ್ಲದೆ ಚಾಂಡ್ಲರನು ಹೊರಟುಹೋದನು. ಹೆಂಡ್ರಿಕ್ಸನು 1970ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿಯೇ, ಲಂಡನ್ನಿನಲ್ಲಿ ಮೃತನಾದನು.

ಅಷ್ಟರಲ್ಲಿ ಚಾಂಡ್ಲರನು ‘ಸ್ಲೇಡ್’ ಎಂಬ ಮತ್ತೊಂದು ಮೇಳವನ್ನು ಕೈಹಿಡಿದಿದ್ದನು. ಅವರಿಗೂ ಅದೇ ಬೋಧೆ: ನಿಮ್ಮ ಹಾಡನ್ನು ನೀವೇ ಕಟ್ಟಿರಿ. ಮೊದಮೊದಲು ಸೋಲುಗಳಾದರೂ ಬಿಡಲಿಲ್ಲ. 1971ರಿಂದ 1973ರೊಳಗೆ ಆ ಮೇಳದ 6 ಗೀತಗಳು ಬ್ರಿಟನ್ನಿನಲ್ಲಿ ಅಗ್ರಸ್ಥಾನ ಪಡೆದವು. ಅವುಗಳಲ್ಲೊಂದಾದ ಕ್ರಿಸ್‌ಮಸ್ ಗೀತವು ಇಂದಿಗೂ ಆ ಹಬ್ಬದಲ್ಲಿ ಅಲ್ಲಿ ಮೊಳಗುತ್ತದೆ.

ಕಡೆಗಾಲದಲ್ಲಿ ಹುಟ್ಟೂರನ್ನು ಮರೆಯದೆ, ಅಲ್ಲಿ ದೊಡ್ಡದೊಂದು ಸಭಾಂಗಣವು ಏಳುವುದಕ್ಕೆ ದುಡಿದನು. ಅದು 1995ರಲ್ಲಿ ತೆರೆಯಿತು. ಮರುವರ್ಷವೇ ಆತನು ಕಾಲವಶನಾದನು.

ಪರರ ಗುಣವನ್ನು ಕಾಣುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಕಂಡ ಮೇಲೆ ತನ್ನ ವಾದ್ಯವನ್ನು ಮಾರಿ ಪರರ ವಾದ್ಯಕ್ಕೆ ದನಿಗೂಡಿಸುವ ಮನಸ್ಸು ಇನ್ನೂ ಅಪೂರ್ವ. ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಲ್ಲಿ ಯಾರಲ್ಲಿ ಯಾವ ಗುಣವು ಅಡಗಿದೆಯೋ! ಅದನ್ನು ನೋಡಬಲ್ಲ ಹಿರಿಯರೊಬ್ಬರು ಮನೆಯಲ್ಲಿದ್ದರೆ ಅದೇ ಆ ಮಕ್ಕಳ ಭಾಗ್ಯವೆಂದು ನಾವು ತಿಳಿಯುತ್ತೇವೆ.