ಚಿತ್ತಚಿಕಿತ್ಸೆಯ ಐದು ಉಪಾಯಗಳು

ಒಡಲಿಗೆ ಜ್ವರ ಬಂದರೆ ವೈದ್ಯನನ್ನು ಅರಸುವ ಮಾನವನು, ದ್ವೇಷದಿಂದ ಮನಸ್ಸು ಬೇಯುತ್ತಿರುವಾಗ ಅದನ್ನು ರೋಗವೆಂದು ಎಣಿಸುವುದಿಲ್ಲ. ಭಗವಾನ್ ಬುದ್ಧನಾದರೋ ಅದನ್ನು ರೋಗವೆಂದೇ ಕಂಡನು. ದುಃಖ, ದುಃಖದ ಕಾರಣ, ಅದರ ನಿರೋಧ, ನಿರೋಧದ ಮಾರ್ಗ ಎಂಬ ನಾಲ್ಕು ಆರ್ಯಸತ್ಯಗಳು ವೈದ್ಯಶಾಸ್ತ್ರದ ರೋಗ, ನಿದಾನ, ಆರೋಗ್ಯ, ಔಷಧಗಳ ಕ್ರಮವನ್ನೇ ಹೋಲುತ್ತವೆ.

ಈ ಚಿಕಿತ್ಸೆಯ ಪ್ರಯೋಗವಿಧಾನವು ಮಜ್ಝಿಮ ನಿಕಾಯದ 20ನೆಯದಾದ ವಿತಕ್ಕಸಂಠಾನ ಸುತ್ತದಲ್ಲಿ ದೊರೆಯುತ್ತದೆ. ರಾಗ, ದ್ವೇಷ, ಮೋಹಗಳಿಂದ ಕೂಡಿದ ಆಲೋಚನೆಗಳನ್ನು ಕಳೆಯಲು ಶ್ರಾವಸ್ತಿಯ ಜೇತವನದಲ್ಲಿ ಭಿಕ್ಷುಗಳಿಗೆ ಐದು ಉಪಾಯಗಳು ಉಪದೇಶಿಸಲ್ಪಟ್ಟವು.

ಮೊದಲನೆಯದು, ಬಡಗಿಯು ಸಣ್ಣ ಬೆಣೆಯಿಂದ ದಪ್ಪ ಬೆಣೆಯನ್ನು ಹೊರದೂಡುವಂತೆ, ಕೆಟ್ಟ ಆಲೋಚನೆಯನ್ನು ಒಳ್ಳೆಯ ಆಲೋಚನೆಯಿಂದ ಕಳೆಯುವುದು. ದ್ವೇಷಕ್ಕೆ ಮೈತ್ರೀಭಾವನೆಯೇ ಅಂಥ ಬೆಣೆ. ಅದು ಫಲಿಸದಿದ್ದರೆ, ಅಲಂಕಾರಪ್ರಿಯನಾದ ತರುಣನು ಕೊರಳಿಗೆ ಬಿದ್ದ ಹಾವಿನ ಹೆಣಕ್ಕೆ ಹೇಸುವಂತೆ, ಆ ಆಲೋಚನೆಯ ಕೇಡನ್ನು ಪರಿಭಾವಿಸಬೇಕು. ಮೂರನೆಯದು, ನೋಡಲೊಲ್ಲದವನು ಕಣ್ಣು ಮುಚ್ಚುವಂತೆ ಅದನ್ನು ಲಕ್ಷಿಸದಿರುವುದು. ನಾಲ್ಕನೆಯದು, ವೇಗವಾಗಿ ನಡೆಯುವವನು ‘ಏಕೆ ಈ ಅವಸರ?’ ಎಂದು ತನ್ನನ್ನೇ ಕೇಳಿಕೊಂಡು ಮೆಲ್ಲನೆ ನಡೆದು, ನಿಂತು, ಕುಳಿತು, ಮಲಗುವಂತೆ, ಆಲೋಚನೆಯ ಮೂಲವನ್ನರಸಿ ಕ್ರಮವಾಗಿ ಶಮನಗೊಳಿಸುವುದು. ಇವು ನಾಲ್ಕೂ ವಿಫಲವಾದಾಗ ಮಾತ್ರ, ಬಲಶಾಲಿಯು ದುರ್ಬಲನನ್ನು ಅದುಮುವಂತೆ ಹಲ್ಲು ಕಚ್ಚಿ ಮನಸ್ಸನ್ನು ನಿಗ್ರಹಿಸುವುದು.

ಈ ಕ್ರಮದಲ್ಲಿಯೇ ಉಪದೇಶದ ಮರ್ಮವಿದೆ. ಸೌಮ್ಯವಾದ ಔಷಧ ಮೊದಲು, ತೀಕ್ಷ್ಣವಾದುದು ಕೊನೆಗೆ. ಲೋಕದಲ್ಲಿಯಾದರೋ ಕೋಪವನ್ನೂ ಶೋಕವನ್ನೂ ಮೊದಲಿಗೇ ಅದುಮಿಡುವುದೇ ರೂಢಿ. ಕೇವಲ ದಮನದಿಂದ ಶಾಂತಿ ದೊರೆಯದೆಂಬುದು ಬುದ್ಧನ ಸ್ವಾನುಭವ. ಬೋಧಿಗೆ ಮುನ್ನ ಹಲ್ಲು ಕಚ್ಚಿ ಮನಸ್ಸನ್ನು ಹಿಂಡಿದಾಗ ಕಂಕುಳಿಂದ ಬೆವರು ಸುರಿದು ದೇಹ ಬಳಲಿತೆಂದು ಮಹಾಸಚ್ಚಕ ಸುತ್ತದಲ್ಲಿ ಆತನೇ ಹೇಳಿದ್ದಾನೆ.

ಆಧುನಿಕ ವೈದ್ಯವೂ ಈ ನಿಧಿಯನ್ನು ಗಮನಿಸಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಅವರು ಬೌದ್ಧ ಧ್ಯಾನವನ್ನು ಆಧರಿಸಿ, ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಶಿಕ್ಷಣಕ್ರಮವೊಂದನ್ನು ಆರಂಭಿಸಿದರು. ಅದು 8 ವಾರಗಳ ಕ್ರಮವಾಗಿ ಪ್ರಸಿದ್ಧವಾಯಿತು. ಆದರೆ ತೀವ್ರ ಮನೋರೋಗಕ್ಕೆ ವೈದ್ಯರ ನೆರವು ಅನಿವಾರ್ಯ. ಧ್ಯಾನವು ಅದರ ಸ್ಥಾನವನ್ನು ತುಂಬಲಾರದು.

ಮನಸ್ಸನ್ನು ಕೊಂಬೆಗಳ ಮೇಲಿನ ಕಪಿಗೆ ಹೋಲಿಸುವುದು ಬೌದ್ಧ ಸುತ್ತಗಳಲ್ಲಿಯೂ ಉಂಟು, ಬಸವಣ್ಣನವರ ವಚನದಲ್ಲಿಯೂ ಉಂಟು. ಶರಣರು ಮನವನ್ನು ಲಿಂಗಕ್ಕೆ ಅರ್ಪಿಸಿ ಗೆದ್ದರು; ಬುದ್ಧನು ದೈವದ ಮೊರೆಹೋಗದೆ ಅರಿವನ್ನೇ ಔಷಧವಾಗಿಸಿದನು. ಮಾರ್ಗಗಳು ಬೇರೆಯಾದರೂ ಮನಸ್ಸನ್ನು ದಿನದಿನವೂ ಪರೀಕ್ಷಿಸಿಕೊಳ್ಳಬೇಕೆಂಬ ಎಚ್ಚರ ಇಬ್ಬರಿಗೂ ಸಮಾನವಾದುದು.