ಐವರ ಆಟ, ನಾಲ್ವರ ಲೆಕ್ಕ

ಗಾಲ್ಫ್ ಒಂಟಿ ಆಟ. ಕೋಲು ತನ್ನದು, ಚೆಂಡು ತನ್ನದು, ತಪ್ಪೂ ತನ್ನದೇ. ಇಂಥ ಆಟಕ್ಕೆ ಕಾಲೇಜಿನಲ್ಲಿ ತಂಡವೇಕೆ, ತರಬೇತುದಾರರೇಕೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಮೂಡಬಹುದು. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಹ್ಯೂಸ್ಟನ್ ವಿಶ್ವವಿದ್ಯಾಲಯದ ಡೇವ್ ವಿಲಿಯಮ್ಸ್ ಅವರ ವೃತ್ತಿಜೀವನವೇ ಇದಕ್ಕೆ ಉತ್ತರ.

ವಿಲಿಯಮ್ಸ್ ಹೆಸರಾಂತ ಆಟಗಾರರೇನಲ್ಲ. ಎಂಜಿನಿಯರಿಂಗ್ ಬೋಧಿಸುತ್ತಿದ್ದ ಅಧ್ಯಾಪಕರು. 1950ರ ದಶಕದ ಆರಂಭದಲ್ಲಿ ಗಾಲ್ಫ್ ತಂಡದ ಹೊಣೆ ಹೊತ್ತರು. 1956ರಲ್ಲಿ ತಂಡ ಮೊದಲ ಬಾರಿಗೆ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಯಿತು. ಅಲ್ಲಿಂದ 1960ರವರೆಗೆ ಸತತ ಐದು ವರ್ಷ ಪ್ರಶಸ್ತಿ ಹ್ಯೂಸ್ಟನ್‌ನದೇ. 1985ರ ಹೊತ್ತಿಗೆ ಪ್ರಶಸ್ತಿಗಳ ಸಂಖ್ಯೆ 16ಕ್ಕೆ ಏರಿತ್ತು. 1987ರಲ್ಲಿ ಅವರು ನಿವೃತ್ತರಾದರು.

ಕಾಲೇಜು ಗಾಲ್ಫ್‌ನಲ್ಲಿ ಸಾಮಾನ್ಯವಾಗಿ ತಂಡಕ್ಕೆ ಐವರು. ಪ್ರತಿ ಸುತ್ತಿನಲ್ಲೂ ಉತ್ತಮವಾದ ನಾಲ್ಕು ಸ್ಕೋರುಗಳನ್ನು ಮಾತ್ರ ಕೂಡುತ್ತಾರೆ. ಕಡಿಮೆ ಹೊಡೆತ ಬಳಸಿದವರೇ ವಿಜೇತರು. ಒಂದು ತಂಡದ ಸ್ಕೋರುಗಳು 70, 71, 73, 76 ಮತ್ತು 80 ಎಂದುಕೊಳ್ಳಿ. 80ನ್ನು ಬಿಟ್ಟರೆ ಮೊತ್ತ 290. ಇನ್ನೊಂದು ತಂಡದ್ದು 68, 71, 73, 82 ಮತ್ತು 84. ಅದರ ಮೊದಲ ಆಟಗಾರ ಎಲ್ಲರಿಗಿಂತ ಮೇಲು. ಆದರೂ ಮೊತ್ತ 294. ನಾಲ್ಕು ಹೊಡೆತಗಳ ಸೋಲು! ಅಂದರೆ ತಂಡವನ್ನು ಗೆಲ್ಲಿಸುವುದು ಒಬ್ಬ ತಾರೆಯಲ್ಲ, ನಾಲ್ಕನೆಯವನ ಸ್ಥಿರತೆ.

ತರಬೇತುದಾರರ ನಿಜವಾದ ಕೆಲಸ ಇಲ್ಲಿದೆ. ಪ್ರತಿಭಾವಂತರನ್ನು ವಿದ್ಯಾರ್ಥಿವೇತನ ಕೊಟ್ಟು ಕರೆತರಬೇಕು. ಪಂದ್ಯಕ್ಕೆ ಮುನ್ನ ತಂಡದೊಳಗೇ ಅರ್ಹತಾ ಸುತ್ತುಗಳನ್ನು ಆಡಿಸಿ ಐವರನ್ನು ಆರಿಸಬೇಕು. ನಿನ್ನೆ ಗೆದ್ದವನೂ ಇಂದು ಊರಿನಲ್ಲೇ ಉಳಿಯಬಹುದು. ಹೀಗೆ ಉಳಿದವನ ಮನಸ್ಸು ಕಹಿಯಾಗದಂತೆ ನೋಡಿಕೊಳ್ಳುವುದು ಆಟ ಕಲಿಸುವುದಕ್ಕಿಂತ ಕಷ್ಟ.

ಹ್ಯೂಸ್ಟನ್‌ನ ವಿದ್ಯಾರ್ಥಿನಿಲಯದಲ್ಲಿ 1970ರ ದಶಕದ ಕೊನೆಗೆ ಒಟ್ಟಿಗೆ ಇದ್ದ ಇಬ್ಬರು ಗೆಳೆಯರನ್ನು ನೋಡಿ. ಫ್ರೆಡ್ ಕಪಲ್ಸ್ ಅಪ್ರತಿಮ ಆಟಗಾರ. ಜಿಮ್ ನ್ಯಾಂಟ್ಜ್ ಗಾಲ್ಫ್ ತಂಡಕ್ಕೆಂದೇ ಬಂದವರಾದರೂ ಆಟದಲ್ಲಿ ಆ ಮಟ್ಟ ಮುಟ್ಟಲಿಲ್ಲ. ಅವರ ಒಲವು ಪ್ರಸಾರದ ಕಡೆಗೆ. ಕಪಲ್ಸ್ ಮಾಸ್ಟರ್ಸ್ ಗೆದ್ದಂತೆ, ನ್ಯಾಂಟ್ಜ್ ಸಂದರ್ಶಿಸಿದಂತೆ ಇಬ್ಬರೂ ಕೋಣೆಯಲ್ಲೇ ಅಭಿನಯಿಸುತ್ತಿದ್ದರು. 1992ರಲ್ಲಿ ಅದು ನಿಜವಾಯಿತು. ಕಪಲ್ಸ್ ಮಾಸ್ಟರ್ಸ್ ಗೆದ್ದು ಹಸಿರು ಕೋಟು ತೊಟ್ಟಾಗ, ದೂರದರ್ಶನದಲ್ಲಿ ಅವರನ್ನು ಮಾತನಾಡಿಸಿದವರು ನ್ಯಾಂಟ್ಜ್!

ಒಬ್ಬರು ಆಟದಿಂದ ಮೇಲೆ ಬಂದರು, ಮತ್ತೊಬ್ಬರು ಮಾತಿನಿಂದ. ವಿಲಿಯಮ್ಸ್ ಅವರ 16 ಪ್ರಶಸ್ತಿಗಳು ದಾಖಲೆಯ ಪುಟದಲ್ಲಿವೆ. ಆದರೆ ಕಾಲೇಜು ತಂಡವೊಂದರ ಫಲವನ್ನು ಅಳೆಯುವಾಗ, ಗೆದ್ದವರ ಜೊತೆಗೆ ಆ ಐವರಲ್ಲಿ ಸ್ಥಾನ ಸಿಗದವರು ಮುಂದೆ ಏನಾದರು ಎಂಬುದನ್ನೂ ಕೇಳಬೇಕು.